ಇಪ್ಪತ್ತೊಂದು ಸಲ ಬರೆದ ಸಾಲು

ನನ್ನ ಮಗಳು ಬೆಳಿಗ್ಗೆ ಎದ್ದು ಹಲ್ಲುಜ್ಜುವ ಮೊದಲೇ ಸುಳ್ಳು ಬರೆಯಲು ಶುರು ಮಾಡಿದ್ದು ಆ ವರ್ಷದ ಬೇಸಿಗೆಯಲ್ಲಿ. ಸುಳ್ಳು ಅನ್ನುವುದು ನನ್ನ ಮಾತು. ಅವಳು ಅದನ್ನು ಮ್ಯಾನಿಫೆಸ್ಟೇಶನ್ ಅನ್ನುತ್ತಿದ್ದಳು. ನೀಲಿ ಪೆನ್ನು ಹಿಡಿದು, ಕಿಟಕಿಯ ಕಡೆ ಮುಖ ಮಾಡಿ ಕೂತು, ಗೆರೆಯಿಲ್ಲದ ಪುಸ್ತಕದಲ್ಲಿ ಇಪ್ಪತ್ತೊಂದು ಸಲ ಬರೆಯುವಳು: 'ನಾನು ಮುಖ್ಯ ಪಾತ್ರಕ್ಕೆ ಆಯ್ಕೆಯಾಗಿದ್ದೇನೆ.' ಆಗಬೇಕು ಅಂತ ಬರೆದರೆ ಇನ್ನೂ ಆಗಿಲ್ಲ ಅಂತ ಒಪ್ಪಿಕೊಂಡ ಹಾಗಂತೆ. ಫೋನಿನಲ್ಲಿ ಒಬ್ಬಳು ಕೋರ್ಸ್ ನಡೆಸುತ್ತಿದ್ದಳು. ಬಿಳಿ ಗೋಡೆಯ ಮುಂದೆ ಬಿಳಿ ಬಟ್ಟೆ ಹಾಕಿಕೊಂಡು ಕೂತು, ಬೇಕಾದದ್ದು ಈಗಾಗಲೇ ಸಿಕ್ಕಿದೆ ಎಂದೇ ಬದುಕಿ, ಬ್ರಹ್ಮಾಂಡ ದಾರಿ ಬಿಡುತ್ತದೆ ಅನ್ನುತ್ತಿದ್ದಳು. ನಮ್ಮ ಬೀದಿಯಲ್ಲಿ ಕಸದ ಲಾರಿಯೇ ದಾರಿ ಬಿಡುವುದಿಲ್ಲ, ಬ್ರಹ್ಮಾಂಡ ಬಿಡುತ್ತದೆಯೇ ಎಂದು ನಾನು ಮೂಗು ಮುರಿದೆ.

ನಾನು ಇಪ್ಪತ್ತೆಂಟು ವರ್ಷದಿಂದ ಆಸ್ಪತ್ರೆಯ ಲ್ಯಾಬಿನಲ್ಲಿ ರಕ್ತ ಪರೀಕ್ಷೆ ಮಾಡುವವಳು. ಜನ ಬಾಯಲ್ಲಿ ಏನು ಬೇಕಾದರೂ ಹೇಳುತ್ತಾರೆ. ಸಿಹಿ ಮುಟ್ಟಿಯೇ ಇಲ್ಲ ಎಂದು ಆಣೆ ಮಾಡುತ್ತಾರೆ. ಟ್ಯೂಬಿನಲ್ಲಿರುವ ರಕ್ತ ಬೇರೆಯೇ ಹೇಳುತ್ತದೆ. ಹಾಗಾಗಿ ಯಾರು ಏನು ಹೇಳಿದರೂ ಪರೀಕ್ಷೆ ಮಾಡಿ ನೋಡದಿದ್ದರೆ ನನಗೆ ಸಮಾಧಾನವಿಲ್ಲ. ಇದೊಂದು ಕೆಟ್ಟ ಚಾಳಿ ಎಂದು ಮಗಳು ಹೇಳುತ್ತಾಳೆ. ಅವಳಪ್ಪನೂ ಹೇಳುತ್ತಿದ್ದರು. ಅವರು ತೀರಿಕೊಂಡು ಹನ್ನೊಂದು ವರ್ಷವಾಯಿತು, ಚಾಳಿ ಮಾತ್ರ ಹಾಗೇ ಇದೆ.

ಮಗಳನ್ನು ನಾವು ಕರೆಯುವುದು ಪಿಟೀಲು ಅಂತ. ಹುಟ್ಟಿದ ಮೂರನೇ ದಿನದಿಂದ ಒಂದೇ ಸಮನೆ ಕುಯ್ಯುತ್ತಿದ್ದಳೆಂದು ಅವಳಪ್ಪ ಇಟ್ಟ ಹೆಸರು. ಈಗ ಅವಳಿಗೆ ಇಪ್ಪತ್ತೊಂಬತ್ತು. ನನ್ನ ಹಾಗೆಯೇ ಲ್ಯಾಬ್ ಕೋರ್ಸ್ ಮುಗಿಸಿ, ಒಂದು ವರ್ಷ ಕೆಲಸ ಮಾಡಿ, ನಟಿಯಾಗುತ್ತೇನೆಂದು ಬಿಟ್ಟು ಬಂದವಳು. ಆರು ವರ್ಷದಲ್ಲಿ ಏನೇನಾದಳು ಅಂದರೆ, ಒಂದು ಸೋಪಿನ ಜಾಹೀರಾತಿನಲ್ಲಿ ಬಲಗೈ ಆದಳು. ಒಂದು ಧಾರಾವಾಹಿಯಲ್ಲಿ ಸಾಲಿನಲ್ಲಿ ನಿಂತ ಮೂರನೆಯ ಹೆಂಗಸಾದಳು. ಒಂದು ಸಿನಿಮಾದಲ್ಲಿ ಹೆಣವಾದಳು. ಹೆಣ ಚೆನ್ನಾಗಿ ಮಾಡಿದ್ದಳು, ಉಸಿರಾಡಿದ್ದು ನನಗೂ ಕಾಣಲಿಲ್ಲ. ಮಿಕ್ಕಂತೆ ಆಡಿಷನ್ನಿಗೆ ಹೋಗುವುದು, ಬರುವುದು. ಬಾಗಿಲು ತೆಗೆದರೆ ನಗುನಗುತ್ತಾ ನಿಂತಿರುವಳು. "ಹೇಗಾಯ್ತೇ?" ಅಂದರೆ "ಸೂಪರ್ ಅಮ್ಮ, ಹೇಳ್ತೀವಿ ಅಂದ್ರು" ಅನ್ನುವಳು. ಅವರು ಹೇಳುತ್ತಿರಲಿಲ್ಲ. ಇವಳು ಎಳ್ಳಷ್ಟೂ ಕುಗ್ಗುತ್ತಿರಲಿಲ್ಲ. ಇದ್ಯಾವ ಮಣ್ಣಿನಲ್ಲಿ ಮಾಡಿದ ಹುಡುಗಿಯಪ್ಪಾ ಅಂತ ನನಗೆ ಆಶ್ಚರ್ಯ.

ಬರೆಯುವುದು ಶುರುವಾಗಿ ಹತ್ತು ದಿನವಾದರೂ ಅವಳು ಬಿಡುವ ಲಕ್ಷಣ ಕಾಣಲಿಲ್ಲ. ನನಗೆ ತಲೆಯಲ್ಲಿ ಹುಳ ಬಿಟ್ಟ ಹಾಗಾಯಿತು. ಇದು ನಿಜವಾಗಿ ಕೆಲಸ ಮಾಡುತ್ತದೆಯೇ? ಕೇಳಿದರೆ "ನಂಬಿಕೆ ಇರಬೇಕಮ್ಮ" ಅಂದಳು. ನಂಬಿಕೆಯನ್ನು ಯಾವ ಟ್ಯೂಬಿಗೆ ಹಾಕಿ ನೋಡುವುದು? ಲ್ಯಾಬಿನಲ್ಲಿ ಒಂದು ಯಂತ್ರ ಸರಿಯಿದೆಯೇ ಎಂದು ನೋಡಬೇಕಾದರೆ ಮೊದಲು ಚಿಕ್ಕದೊಂದು ಸ್ಯಾಂಪಲ್ ಹಾಕುತ್ತೇವೆ. ನಾನೂ ಹಾಗೆಯೇ ಚಿಕ್ಕದೊಂದನ್ನು ಆರಿಸಿಕೊಂಡೆ. ನಮ್ಮ ಮೇಲಿನ ಮನೆಯ ನಿವೃತ್ತ ಮೇಷ್ಟ್ರು ದಿನಾ ಬೆಳಿಗ್ಗೆ ಆರಕ್ಕೆ ನಮ್ಮ ತಲೆಯ ಮೇಲೆ ಕುರ್ಚಿ ಎಳೆಯುತ್ತಿದ್ದರು. ನಾನು ಲ್ಯಾಬಿನ ಹಳೇ ರಿಪೋರ್ಟ್ ಹಾಳೆಗಳ ಹಿಂಬದಿಯಲ್ಲಿ, ಊಟದ ಬಿಡುವಿನಲ್ಲಿ, ಯಾರೂ ನೋಡದ ಹಾಗೆ ಬರೆದೆ: 'ಮೇಲಿನ ಮನೆಯ ಕುರ್ಚಿ ಸದ್ದು ಮಾಡುತ್ತಿಲ್ಲ.' ದಿನಕ್ಕೆ ಇಪ್ಪತ್ತೊಂದು ಸಲ.

ಎಂಟನೆಯ ದಿನ ಸದ್ದು ನಿಂತಿತು. ಆರಾಯಿತು, ಆರೂಕಾಲಾಯಿತು, ಇಲ್ಲ. ನಾನು ಹಾಸಿಗೆಯಲ್ಲಿ ಎದ್ದು ಕೂತು ಚಾವಣಿ ನೋಡುತ್ತಿದ್ದೆ. ನನಗೆ ಖುಷಿಯಾಗಲಿಲ್ಲ, ಭಯವಾಯಿತು. ಒಂಬತ್ತನೆಯ ದಿನ ತಡೆಯಲಾಗದೆ ಮೇಲೆ ಹೋಗಿ ಬಾಗಿಲು ತಟ್ಟಿದೆ. "ಮೇಷ್ಟ್ರೇ, ಆರೋಗ್ಯ ತಾನೇ?" ಅಂದೆ.

"ನಾನು ಆರೋಗ್ಯ, ಕುರ್ಚಿದೇ ಕಾಲು ಮುರೀತು" ಅಂದರು ಮೇಷ್ಟ್ರು.

ಕಾಲು ಮುರಿದದ್ದು ನಾನು ಬರೆದದ್ದರಿಂದಲೋ, ಮೇಷ್ಟ್ರ ತೂಕದಿಂದಲೋ? ಒಂದೇ ಸ್ಯಾಂಪಲ್‌ನಿಂದ ಏನನ್ನೂ ಹೇಳಲಾಗದು ಎಂದು ಇಪ್ಪತ್ತೆಂಟು ವರ್ಷದಿಂದ ಹೊಸಬರಿಗೆ ಪಾಠ ಹೇಳಿದವಳು ನಾನು. ಆದರೂ ಮೆಟ್ಟಿಲಿಳಿಯುವಾಗ ನನ್ನ ಕೈಯನ್ನು ನಾನೇ ನೋಡಿಕೊಂಡೆ.

ಇದನ್ನು ಮಗಳಿಗೆ ಹೇಳಲಿಲ್ಲ. ಹೇಳಿದ್ದರೆ ತಲೆ ಮೇಲೆ ಹತ್ತಿ ಕೂರುತ್ತಿದ್ದಳು. ಹೇಳದಿರಲು ಇನ್ನೊಂದು ಕಾರಣವೂ ಇತ್ತು, ಅದು ಅಷ್ಟು ಒಳ್ಳೆಯ ಕಾರಣವಲ್ಲ.

ನಮ್ಮ ಲ್ಯಾಬಿನಲ್ಲಿ ಎರಡನೇ ಮೇಜು ಖಾಲಿಯಾಗಿತ್ತು. ಅಲ್ಲಿದ್ದವಳು ಮದುವೆಯಾಗಿ ಬೇರೆ ಊರಿಗೆ ಹೋದಳು. ಲ್ಯಾಬಿನ ಮುಖ್ಯಸ್ಥರು ಒಳ್ಳೆಯ ಮನುಷ್ಯ. "ನಿಮ್ಮ ಮಗಳು ಬರೋದಾದ್ರೆ ತಿಂಗಳ ಕೊನೇವರೆಗೂ ಯಾರನ್ನೂ ತಗೊಳ್ಳಲ್ಲ" ಎಂದಿದ್ದರು. ಪಿಟೀಲಿಗೆ ಹೇಳಿದಾಗ ಅವಳು "ಸರಿ, ತಿಂಗಳ ಕೊನೆವರೆಗೆ ನನ್ನನ್ನ ಬಿಟ್ಟುಬಿಡು. ಅಷ್ಟರಲ್ಲಿ ಏನೂ ಆಗದಿದ್ರೆ ಬಂದು ಆ ಮೇಜಲ್ಲಿ ಕೂರ್ತೀನಿ. ಮತ್ತೆ ಆಡಿಷನ್ ಅನ್ನೋ ಮಾತೇ ಎತ್ತಲ್ಲ" ಅಂದಳು. ಅವಳು ಮಾತು ಕೊಟ್ಟರೆ ತಪ್ಪುವವಳಲ್ಲ.

ಅದಾದ ಮೂರು ದಿನಕ್ಕೆ ಅವಳಿಗೊಂದು ಕರೆ ಬಂತು. ಚಿಕ್ಕ ಸಿನಿಮಾ, ಹೊಸ ನಿರ್ದೇಶಕ, ಆದರೆ ಮುಖ್ಯ ಪಾತ್ರ. ಆಡಿಷನ್ನಿಗೆ ಮೂರು ವಾರ ಇತ್ತು. ಮುಂಚಿತವಾಗಿಯೇ ಒಂದು ಪುಟದ ದೃಶ್ಯ ಕಳಿಸಿದ್ದರು. ಮಗಳು ಮನೆಯಿಡೀ ಕುಣಿದಳು. ಮಾರನೆಯ ದಿನ ಊಟದ ಬಿಡುವಿನಲ್ಲಿ ನಾನು ಒಂದು ಹಾಳೆ ತಿರುಗಿಸಿ ಬರೆದೆ: 'ನನ್ನ ಮಗಳು ಎರಡನೇ ಮೇಜಿನಲ್ಲಿ ಕೂತಿದ್ದಾಳೆ.'

ಬರೆದಾದ ಮೇಲೆ ಓದಿಕೊಂಡೆ. ಅದರ ಅರ್ಥ ಏನೆಂದು ಗೊತ್ತಾಗದಷ್ಟು ದಡ್ಡಿ ನಾನಲ್ಲ. ಗೊತ್ತಿದ್ದೂ ಇನ್ನು ಇಪ್ಪತ್ತು ಸಲ ಬರೆದೆ.

ದೃಶ್ಯ ಸರಳವಾಗಿತ್ತು. ಮಗಳು ಬ್ಯಾಗು ಹಿಡಿದು ಮನೆ ಬಿಟ್ಟು ಹೊರಟಿದ್ದಾಳೆ. ತಾಯಿ ಕೂತಿದ್ದಾಳೆ. ಮಗಳಿಗೆ ನಾಲ್ಕು ಮಾತು, ತಾಯಿಗೆ ನಾಲ್ಕು ಮಾತು.

"ಎಲ್ಲಿಗೆ?"

"ಹೊರಟೆ ಅಮ್ಮ."

"ತಿಂದು ಹೋಗು."

"ಹಸಿವಿಲ್ಲ."

"ಮತ್ತೆ ಯಾವಾಗ?"

"ಗೊತ್ತಿಲ್ಲ."

"ಸಂಜೆ ದೀಪ ಹಾಕಿರ್ತೀನಿ."

"ನಾನು ಬರದೇ ಇದ್ರೆ ಹುಡುಕ್ಬೇಡ."

ಇಷ್ಟೇ. ಇಷ್ಟಕ್ಕೆ ಮೂರು ವಾರ ಯಾಕೆ ಬೇಕು ಎಂದು ಕೇಳಿದ್ದಕ್ಕೆ ಪಿಟೀಲು ನನ್ನನ್ನು ಕರುಣೆಯಿಂದ ನೋಡಿದಳು. ಆಮೇಲೆ ತಾಯಿಯ ಮಾತುಗಳನ್ನು ನಾನು ಓದಿಕೊಡಬೇಕು ಎಂದಳು. ಕೋರ್ಸಿನವಳ ಪ್ರಕಾರ, ಬೇಕಾದ ದಿನವನ್ನು ಕಣ್ಣ ಮುಂದೆ ತಂದುಕೊಂಡು ಅದರೊಳಗೇ ಬದುಕಬೇಕು. ಆಡಿಷನ್ ಕೋಣೆ, ಅದರ ಬೆಳಕು, ನಿರ್ದೇಶಕ ತಲೆದೂಗುವುದು, ಎಲ್ಲವೂ ಪ್ರತಿ ಸಲ ಒಂದೇ ಥರ ಕಾಣಬೇಕು. ಒಂದು ಚೂರು ಬದಲಾದರೂ ಚಿತ್ರ ಒಡೆಯುತ್ತದಂತೆ. "ಅದಕ್ಕೇ ಅಮ್ಮ, ನೀನು ಪ್ರತಿ ಸಲ ಒಂದೇ ಥರ ಹೇಳು. ಅದೇ ದನಿ, ಅದೇ ಗತಿ" ಅಂದಳು.

ಅಯ್ಯೋ, ಒಂದೇ ಥರ ಮಾಡುವುದರಲ್ಲಿ ನನ್ನನ್ನು ಮೀರಿಸುವವರು ಯಾರು? ನನ್ನ ಇಡೀ ಬದುಕೇ ಅದು. ಇವತ್ತು ಹಾಕಿದ ಹನಿ ನಾಳೆಯೂ ಅಷ್ಟೇ ಇರಬೇಕು. ಆದರೂ ಮನುಷ್ಯರ ಗಂಟಲು, ನೆಗಡಿಯಾದರೆ ಬದಲಾಗುತ್ತದೆ. ನಾನು ಇನ್ನೂ ಒಂದು ಹೆಜ್ಜೆ ಮುಂದೆ ಹೋದೆ. ಲ್ಯಾಬಿನ ಸ್ಟಾಪ್‌ವಾಚ್ ತಂದು, ಮಲಗುವ ಕೋಣೆಯ ಕಿಟಕಿ ಮುಚ್ಚಿ, ನನ್ನ ನಾಲ್ಕು ಮಾತನ್ನು ಅವಳ ಫೋನಿನಲ್ಲಿ ರೆಕಾರ್ಡ್ ಮಾಡಿಕೊಟ್ಟೆ. ಅವಳ ಮಾತಿಗೆ ನಡುವೆ ಜಾಗ ಬಿಟ್ಟೆ: ಮೊದಲನೆಯದಕ್ಕೆ ಮೂರು ಸೆಕೆಂಡು, ಎರಡನೆಯದಕ್ಕೆ ಎರಡು, ಮೂರನೆಯದಕ್ಕೆ ನಾಲ್ಕು. ಪಿಟೀಲು ಕೇಳಿ ನನ್ನನ್ನು ತಬ್ಬಿಕೊಂಡಳು. "ಇದಕ್ಕಿಂತ ಪರ್ಫೆಕ್ಟ್ ಇರಕ್ಕೆ ಸಾಧ್ಯಾನೇ ಇಲ್ಲ" ಅಂದಳು. ನನಗೂ ಹೆಮ್ಮೆಯಾಯಿತು. ಬೆಳಿಗ್ಗೆ ಮಗಳಿಗೆ ಸಹಾಯ ಮಾಡಿ ಮಧ್ಯಾಹ್ನ ಅವಳ ದಾರಿಗೆ ಅಡ್ಡಗಾಲು ಹಾಕುವ ಹಾಳೆ ಬರೆಯುತ್ತಿದ್ದೆ. ಎರಡನ್ನೂ ಅಚ್ಚುಕಟ್ಟಾಗಿಯೇ ಮಾಡುತ್ತಿದ್ದೆ.

ಆ ಮೂರು ವಾರ ನಮ್ಮ ಮನೆಯಲ್ಲಿ ಇಬ್ಬರು ಅಮ್ಮಂದಿರಿದ್ದರು. ನಾನು ಅಡುಗೆಮನೆಯಲ್ಲಿದ್ದರೆ ಇನ್ನೊಬ್ಬಳು ನಡುಮನೆಯಲ್ಲಿ ಫೋನಿನೊಳಗಿಂದ "ತಿಂದು ಹೋಗು" ಅನ್ನುತ್ತಿದ್ದಳು. ದಿನಕ್ಕೆ ನಲವತ್ತು ಸಲ, ಐವತ್ತು ಸಲ. ಪಿಟೀಲು ಕಣ್ಣು ಮುಚ್ಚಿ ನಿಂತು, ಸರಿಯಾದ ಜಾಗಕ್ಕೆ ಸರಿಯಾದ ಮಾತು ಕೂರಿಸುತ್ತಿದ್ದಳು. ಕೊನೆಕೊನೆಗೆ ರೆಕಾರ್ಡಿಂಗ್ ಬೇಕಾಗಲೇ ಇಲ್ಲ. ಸ್ನಾನ ಮಾಡುವಾಗ, ಬಟ್ಟೆ ಒಣಹಾಕುವಾಗ, ಅವಳೊಬ್ಬಳೇ "ಹಸಿವಿಲ್ಲ" ಅನ್ನುವಳು. ನಾನು ಮನಸ್ಸಿನಲ್ಲೇ ಎಣಿಸಿ ನೋಡುವೆ, ಕೂದಲೆಳೆಯಷ್ಟೂ ಆಚೀಚೆ ಇಲ್ಲ.

ಆಡಿಷನ್ ಸೋಮವಾರ ಇತ್ತು. ಅವತ್ತು ಸಂಜೆ ಬಾಗಿಲು ತೆಗೆದಾಗ ಅವಳು ಎಂದಿನಂತೆ ನಗುತ್ತಿದ್ದಳು. ಆದರೆ "ಸೂಪರ್" ಅನ್ನಲಿಲ್ಲ. ಚಪ್ಪಲಿ ಬಿಚ್ಚಿ ಸೀದಾ ಅಡುಗೆಮನೆಗೆ ಬಂದು, ನೀರು ಕುಡಿದು, "ಅಮ್ಮ, ಒಂದು ವಿಚಿತ್ರ ಆಯ್ತು" ಅಂದಳು.

ಅಲ್ಲಿ ತಾಯಿಯ ಮಾತು ಓದಲು ಅವರ ಸಹಾಯಕನೊಬ್ಬ ಕೂತಿದ್ದನಂತೆ. ಮೊದಲನೆಯ ಮಾತು ಸರಿಯಾಗಿ ಹೇಳಿದ. ಎರಡನೆಯದಕ್ಕೆ ಕೆಮ್ಮು ಬಂತು. ಅವನು ಕೆಮ್ಮಿ ಮುಗಿಸಿ "ತಿಂದು ಹೋಗು" ಅನ್ನುವುದರೊಳಗೆ ಇವಳು "ಹಸಿವಿಲ್ಲ" ಅಂದಾಗಿತ್ತು. ಯಾರೋ ನಕ್ಕರು. ಎರಡನೇ ಸಲ ಅವನು ನಿಧಾನವಾಗಿ, ಬಹಳ ಪ್ರೀತಿಯಿಂದ ಹೇಳಲು ಹೋದ. ಅವನ ಪ್ರೀತಿ ಅರ್ಧದಲ್ಲಿರುವಾಗ ಇವಳು ಮತ್ತೆ "ಹಸಿವಿಲ್ಲ" ಅಂದಳು. ಮೂರನೇ ಸಲವೂ ಅದೇ. ಕಾಯಬೇಕು ಎಂದು ಗೊತ್ತಿದ್ದರೂ ಬಾಯಿ ಕಾಯಲಿಲ್ಲ.

"ಆಮೇಲೆ?"

"ಆ ಆಡಿಷನ್ ಮೇಡಂ ಇದಾರಲ್ಲ, ಪಾತ್ರಕ್ಕೆ ಜನ ಆರಿಸೋರು, ಅವರು ಕನ್ನಡಕ ತೆಗೆದು ನನ್ನನ್ನೇ ನೋಡಿದ್ರು. 'ನೀನು ಯಾರ ಮಾತಿಗೆ ಉತ್ತರ ಕೊಡ್ತಿದೀಯಮ್ಮ?' ಅಂದ್ರು."

"ನೀನೇನಂದೆ?"

"ನಮ್ಮಮ್ಮನ ಮಾತಿಗೆ ಅಂದೆ. ರೆಕಾರ್ಡಿಂಗ್ ವಿಷಯ ಎಲ್ಲಾ ಹೇಳಿದೆ. ಅವರಿಗೆ ಎಷ್ಟು ಕುತೂಹಲ ಅಂತೀಯ! 'ಗುರುವಾರ ಇನ್ನೊಂದು ಸಲ ಬಾ. ಆ ಅಮ್ಮನ್ನ ಕರ್ಕೊಂಡೇ ಬಾ' ಅಂದ್ರು." ಆಮೇಲೆ ಲೋಟ ತೊಳೆಯುತ್ತಾ, "ನೋಡು, ಬ್ರಹ್ಮಾಂಡ ದಾರಿ ಬಿಡ್ತಿದೆ" ಅಂದಳು. ಆದರೆ ಆ ಮಾತನ್ನು ನನ್ನ ಕಡೆ ತಿರುಗಿ ಹೇಳಲಿಲ್ಲ.

ಅವತ್ತಿಗೆ ನಾನು ಬರೆಯಲು ಶುರು ಮಾಡಿ ಹತ್ತೊಂಬತ್ತು ದಿನ. ಕುರ್ಚಿಯ ಕಾಲು ಮುರಿದಂತೆಯೇ ಇದೂ ಮುರಿಯಿತೇ? ಹಾಳೆಯೂ ನನ್ನದೇ, ಸ್ಟಾಪ್‌ವಾಚೂ ನನ್ನದೇ. ಯಾವುದರಿಂದ ಕೆಟ್ಟಿತು ಎಂದು ಕಂಡುಹಿಡಿಯುವ ದಾರಿಯೇ ಇಲ್ಲ. ಒಂದೇ ಟ್ಯೂಬಿಗೆ ಎರಡು ಔಷಧಿ ಹಾಕಿದವರನ್ನು ನಾನು ಲ್ಯಾಬಿನಲ್ಲಿ ಹಿಗ್ಗಾಮುಗ್ಗಾ ಬೈಯುತ್ತೇನೆ. ಮಂಗಳವಾರ, ಬುಧವಾರ ಬರೆಯಲಿಲ್ಲ. ಬರೆಯದಿದ್ದರೆ ಬರೆದದ್ದು ಅಳಿಸಿಹೋಗುತ್ತದೆಯೇ ಎನ್ನುವುದೂ ಗೊತ್ತಾಗಲಿಲ್ಲ. ಕೋರ್ಸಿನವಳು ಅದರ ಬಗ್ಗೆ ಏನೂ ಹೇಳಿರಲಿಲ್ಲ.

ಗುರುವಾರ ರಜೆ ಹಾಕಿ ಹೋದೆ. ಒಂದು ಪೀಠೋಪಕರಣದ ಅಂಗಡಿಯ ಮೇಲಿನ ಮಹಡಿ. ಹೊಸ ಮರದ ವಾಸನೆ ಮೆಟ್ಟಿಲವರೆಗೂ ಬರುತ್ತಿತ್ತು. ಸಿನಿಮಾ ಅಂದರೆ ಏನೇನೋ ಅಂದುಕೊಂಡಿದ್ದೆ. ನೋಡಿದರೆ ಬಿಳಿ ಗೋಡೆಯ ಖಾಲಿ ಕೋಣೆ, ಮೂರು ಕಾಲಿನ ಮೇಲೊಂದು ಕ್ಯಾಮೆರಾ, ಎರಡು ದೀಪ, ನೆಲದ ಮೇಲೆ ಎಲ್ಲಿ ನಿಲ್ಲಬೇಕು ಅಂತ ಅಂಟಿಸಿದ ಹಸಿರು ಟೇಪು. ನಮ್ಮ ಎಕ್ಸ್‌ರೇ ಕೋಣೆಯೇ ಇದಕ್ಕಿಂತ ಭರ್ಜರಿಯಾಗಿದೆ. ನಿರ್ದೇಶಕ ನನ್ನ ಮಗಳ ವಯಸ್ಸಿನವನು, ಚಳಿ ಹಿಡಿದವನ ಹಾಗೆ ಎರಡು ಕೈಯಲ್ಲೂ ಕಾಫಿ ಲೋಟ ಹಿಡಿದು ಮೂಲೆಯಲ್ಲಿ ಕೂತಿದ್ದ. ಮೇಡಂ ಮಾತ್ರ ನನ್ನ ವಯಸ್ಸಿನವರು. "ಬನ್ನಿ ಅಮ್ಮ, ನಿಮ್ಮನ್ನ ನೋಡ್ಬೇಕು ಅಂತ ತುಂಬ ಆಸೆ ಇತ್ತು" ಎಂದು ಕ್ಯಾಮೆರಾದ ಪಕ್ಕದ ಕುರ್ಚಿಯಲ್ಲಿ ಕೂರಿಸಿದರು. ಕ್ಯಾಮೆರಾಕ್ಕೆ ನಾನು ಕಾಣುವುದಿಲ್ಲವಂತೆ, ದನಿ ಮಾತ್ರ ಕೇಳುತ್ತದಂತೆ.

ಮೊದಲನೇ ಸಲ ನಾವಿಬ್ಬರೂ ಮನೆಯಲ್ಲಿ ಮಾಡಿದ ಹಾಗೆಯೇ ಮಾಡಿದೆವು. ನಾಲ್ಕು ಮಾತು, ನಾಲ್ಕು ಉತ್ತರ. ಗಡಿಯಾರ ಇಟ್ಟು ನೋಡಿದರೂ ತಪ್ಪಿಲ್ಲ. ಮುಗಿದಾಗ ನಿರ್ದೇಶಕ ಕಾಫಿ ನೋಡುತ್ತಿದ್ದ. ಪಿಟೀಲಿನ ಮುಖದಲ್ಲಿ ಆ ಎಂದಿನ ನಗು ಇತ್ತು, ಆದರೆ ಕತ್ತಿನ ನರ ಎದ್ದು ಕಾಣುತ್ತಿತ್ತು. ಇದು ಹೋಯಿತು ಎಂದು ಅವಳಿಗೂ ಗೊತ್ತಾಗಿತ್ತು. ತಿಂಗಳು ಮುಗಿಯಲು ಐದು ದಿನ ಉಳಿದಿತ್ತು. ನನ್ನ ಹಾಳೆಯಲ್ಲಿ ಬರೆದದ್ದು ಇನ್ನೈದು ದಿನದಲ್ಲಿ ನಿಜವಾಗುವುದಿತ್ತು. ಸಂತೋಷವಾಗಬೇಕಿತ್ತಲ್ಲ? ಅವಳ ಮುಖ ನೋಡಲಾರದೆ ಕೈಯಲ್ಲಿದ್ದ ದೃಶ್ಯದ ಕಾಗದವನ್ನು ಮಡಚುತ್ತಾ ಕೂತೆ.

ಮೇಡಂ ನಿರ್ದೇಶಕನ ಕಿವಿಯಲ್ಲಿ ಏನೋ ಅಂದರು. ಅವನು ಲೋಟ ಕೆಳಗಿಟ್ಟು ನನ್ನ ಹತ್ತಿರ ಬಂದು ಮಂಡಿಯೂರಿ ಕೂತ.

"ಅಮ್ಮ, ಆ ಕಾಗದ ಕೊಡಿ ನಂಗೆ. ಈಗ ನೀವು ಏನು ಬೇಕಾದ್ರೂ ಮಾತಾಡ್ಬಹುದು. ನಿಮ್ಮ ಮಗಳು ಮನೆ ಬಿಟ್ಟು ಹೋಗ್ತಿದಾಳೆ. ನಿಮಗೆ ಇಷ್ಟ ಇಲ್ಲ. ತಡೀಬೇಕು. ಹೇಗಾದ್ರೂ ಮಾಡಿ ತಡೀರಿ."

"ಅವಳು?"

"ಅವರು ಮಾತ್ರ ಆ ನಾಲ್ಕು ಮಾತೇ ಹೇಳ್ಬೇಕು. ಬೇರೆ ಒಂದಕ್ಷರ ಇಲ್ಲ."

ಪಿಟೀಲು ಹೌಹಾರಿದಳು. "ಸರ್, ನಾನು ಹಾಗೆ ಪ್ರಾಕ್ಟೀಸ್ ಮಾಡಿಲ್ಲ..."

"ಒಳ್ಳೇದಾಯ್ತು" ಅಂದರು ಮೇಡಂ.

ಕ್ಯಾಮೆರಾದ ಕೆಂಪು ಚುಕ್ಕೆ ಹೊತ್ತಿಕೊಂಡಿತು. ಅವಳು ಹಸಿರು ಟೇಪಿನ ಮೇಲೆ ಬ್ಯಾಗು ಹಿಡಿದು ನಿಂತು ನನ್ನನ್ನೇ ನೋಡುತ್ತಿದ್ದಳು. ಮೂರು ವಾರದಲ್ಲಿ ಮೊದಲ ಸಲ ಅವಳಿಗೆ ನಾನು ಏನು ಹೇಳುತ್ತೇನೆಂದು ಗೊತ್ತಿರಲಿಲ್ಲ. ನಿಜ ಹೇಳಬೇಕೆಂದರೆ ನನಗೂ ಗೊತ್ತಿರಲಿಲ್ಲ.

"ಎಲ್ಲಿಗೆ ಹೊರಟೆ?" ಅಂದೆ.

"ಹೊರಟೆ ಅಮ್ಮ."

"ನಿಂತ್ಕೋ. ನಿನಗೆ ಒಂದು ವಿಷಯ ಹೇಳಿಲ್ಲ ನಾನು." ಒಮ್ಮೆ ಕೆಮ್ಮಿ ದನಿ ಸರಿಮಾಡಿಕೊಂಡೆ. "ನೀನು ದಿನಾ ಬೆಳಿಗ್ಗೆ ಬರೀತೀಯಲ್ಲ, ನಾನೂ ಬರೀತಿದ್ದೆ. ಲ್ಯಾಬಲ್ಲಿ ಕೂತು, ಇಪ್ಪತ್ತೊಂದು ಸಲ. ನನ್ನ ಮಗಳು ಎರಡನೇ ಮೇಜಲ್ಲಿ ಕೂತಿದಾಳೆ ಅಂತ. ನಿನಗೆ ಇದು ಸಿಗಬಾರದು ಅಂತ."

ಅಭ್ಯಾಸಬಲದಿಂದ ನಾನು ಸೆಕೆಂಡು ಎಣಿಸಲು ಶುರು ಮಾಡಿದೆ. ಏಳೋ ಎಂಟೋ ಆಗುವಷ್ಟರಲ್ಲಿ ಲೆಕ್ಕ ತಪ್ಪಿತು. ಅವಳ ಮುಖದ ಮೇಲಿದ್ದ ನಗು ಯಾವಾಗ ಹೋಯಿತೋ ಕಾಣಲಿಲ್ಲ. ಹೋದ ಮೇಲೆ ಅಲ್ಲಿದ್ದ ಮುಖವನ್ನು ನಾನು ಅವಳಪ್ಪ ತೀರಿಕೊಂಡ ದಿನ ನೋಡಿದ್ದೆ. ಆಮೇಲೆ ನೋಡಿರಲಿಲ್ಲ.

"ಅಮ್ಮ ತಾನೇ ಬಡಿಸಿದ್ದನ್ನ ತಾನೇ ಕಿತ್ಕೊಂಡ್ಲು ಅಂತ ಅಂದ್ಕೋತಿದೀಯ ಅಲ್ವಾ?" ಅಂದೆ. "ಬಾ, ಕೂತ್ಕೋ. ಏನಾದ್ರೂ ತಿನ್ನು. ಆಮೇಲೆ ಬೇಕಾದಷ್ಟು ಬೈ."

"ಹಸಿವಿಲ್ಲ."

ಅದೇ ಮಾತು. ಮೂರು ವಾರದಲ್ಲಿ ಸಾವಿರ ಸಲ ಕೇಳಿದ್ದೆನೋ ಏನೋ. ಆದರೆ ಇದು ನನಗೆ ಹೇಳಿದ್ದು. ನನ್ನ ಕೈಯಿಂದ ಇನ್ನು ಏನೂ ಬೇಡ ಎಂದು ಹೇಳಿದ್ದು. ನನಗೆ ಕ್ಯಾಮೆರಾ, ಮೇಡಂ, ಎಲ್ಲಾ ಮರೆತುಹೋಯಿತು.

"ನನ್ನ ಮೇಲೆ ಕೋಪಾನಾ?"

ಅವಳು ಯೋಚಿಸಿದಳು. ನಿಜವಾಗಿ ಯೋಚಿಸಿದಳು. "ಗೊತ್ತಿಲ್ಲ" ಅಂದಳು.

"ಮನೆಗಾದ್ರೂ ಬರ್ತೀಯ ತಾನೇ? ಹೇಳೇ. ಅಷ್ಟಾದ್ರೂ ಹೇಳು."

ಅವಳು ಬ್ಯಾಗು ಹೆಗಲಿಗೇರಿಸಿ ಬಾಗಿಲವರೆಗೆ ಹೋದಳು, ತಿರುಗಿದಳು. ನನ್ನನ್ನು ಗದರಿಸುತ್ತಾಳೆ ಅಂದುಕೊಂಡೆ. ಚಿಕ್ಕ ಮಕ್ಕಳಿಗೆ ರಸ್ತೆ ದಾಟುವಾಗ ಹುಷಾರು ಎಂದು ಹೇಳುವಷ್ಟು ಮೆತ್ತಗೆ ಹೇಳಿದಳು. "ನಾನು ಬರದೇ ಇದ್ರೆ ಹುಡುಕ್ಬೇಡ."

ಬಾಗಿಲು ಹಾಕಿಕೊಂಡಿತು. ಕೆಂಪು ಚುಕ್ಕೆ ಆರಲು ಬಹಳ ಹೊತ್ತಾಯಿತು. ನಿರ್ದೇಶಕ ಗೋಡೆಯ ಕಡೆ ತಿರುಗಿ ಮೂಗೊರೆಸಿಕೊಳ್ಳುತ್ತಿದ್ದ. ಅವಳು ವಾಪಸ್ ಬರಲಿಲ್ಲ. ಮೇಡಂ ಬಾಗಿಲು ತೆರೆದು ನೋಡಿದರೆ ವರಾಂಡದಲ್ಲಿ ಯಾರೂ ಇರಲಿಲ್ಲ.

"ನೀವು ಹೇಳಿದ್ದು ನಿಜಾನಾ ಅಮ್ಮ?" ಎಂದು ಮೇಡಂ ಕೇಳಿದರು.

ನಾನು ಹೌದೆಂದು ತಲೆಯಾಡಿಸಿದೆ.

ಅವರು ನಿರ್ದೇಶಕನ ಕಡೆ ನೋಡಿದರು. ಅವನು ತಲೆಯಾಡಿಸಿದ. "ಪಾತ್ರ ಅವಳಿಗೇ" ಅಂದರು ಮೇಡಂ. "ಓಡಿ, ನೀವೇ ಹೋಗಿ ಹೇಳಿ. ನಾನು ಹೇಳಿದ್ರೆ ಚೆನ್ನಾಗಿರಲ್ಲ."

ಐವತ್ತೈದು ವರ್ಷದ ಮಂಡಿ ಹಿಡಿದುಕೊಂಡು ನಾನು ಮೆಟ್ಟಿಲಿಳಿದು ಓಡಿದೆ. ಅವಳು ಬಸ್ ನಿಲ್ದಾಣದ ಕಬ್ಬಿಣದ ಬೆಂಚಿನ ಮೇಲೆ ಕೂತಿದ್ದಳು. ಬ್ಯಾಗು ತೊಡೆಯ ಮೇಲಿತ್ತು. ನಾನು ಏದುಸಿರು ಬಿಡುತ್ತಾ ಎದುರು ನಿಂತು, "ಸಿಕ್ತು ಕಣೇ. ಪಾತ್ರ ನಿನಗೇ ಅಂತೆ" ಅಂದೆ.

"ಹೌದಾ" ಅಂದಳು.

ಕುಣಿಯಲಿಲ್ಲ. ಬ್ರಹ್ಮಾಂಡದ ಸುದ್ದಿಯನ್ನೂ ಎತ್ತಲಿಲ್ಲ. ಎದುರಿನ ಅಂಗಡಿಯವನು ಒಂದು ಸೋಫಾವನ್ನು ಒರೆಸುತ್ತಿದ್ದ, ಅದನ್ನೇ ನೋಡುತ್ತಿದ್ದಳು. ಆರು ವರ್ಷ ಕಾದ ಸುದ್ದಿಯನ್ನು ನಾನು ಹಾಳು ಮಾಡಿಬಿಟ್ಟೆನೇ ಅಂತ ನನಗೆ ಅಳು ಬಂತು. ಕೂರಲು ಧೈರ್ಯವಾಗದೆ ನಿಂತೇ ಇದ್ದೆ.

"ನೀನು ಬರೆದಿದ್ದು ನಿಜಾನಾ, ಆಕ್ಟಿಂಗಾ?"

"ನನಗೆಲ್ಲಿ ಆಕ್ಟಿಂಗ್ ಬರುತ್ತೆ? ನಿಜಾನೇ. ಹತ್ತೊಂಬತ್ತು ದಿನ."

"ಯಾಕಮ್ಮ?"

ಇದಕ್ಕೆ ನನ್ನ ಹತ್ತಿರ ಒಂದು ಹತ್ತು ಉತ್ತರವಿತ್ತು. ಭವಿಷ್ಯ, ಭದ್ರತೆ, ನಾನು ನಿವೃತ್ತಳಾದ ಮೇಲೆ ಹೇಗೆ, ಎಲ್ಲವೂ ಸರಿಯಾದ ಉತ್ತರಗಳೇ. ಬಾಯಿಗೆ ಬಂದದ್ದು ಬೇರೆ. "ನೀನು ಸೋತು ಮನೆಗೆ ಬರೋದನ್ನ ನನ್ನ ಕೈಲಿ ನೋಡಕ್ಕಾಗಲ್ಲ ಅಂತ. ಒಂದಲ್ಲ ಒಂದು ದಿನ ನೀನು ಸೋತು ಬಂದು ಬಾಗಿಲಲ್ಲಿ ನಿಂತ್ರೆ ನಾನೇನ್ ಮಾಡ್ಲಿ ಅಂತ ಭಯ."

ಪಿಟೀಲು ಮೊದಲ ಸಲ ನನ್ನ ಕಡೆ ತಿರುಗಿದಳು. ಅವಳ ಮುಖದಲ್ಲಿ ಕೋಪವಿರಲಿಲ್ಲ. ನನ್ನನ್ನು ಯಾವುದೋ ಹೊಸ ಪ್ರಾಣಿಯನ್ನು ನೋಡಿದಂತೆ ನೋಡಿದಳು.

"ಅಮ್ಮ, ಆರು ವರ್ಷದಿಂದ ನಾನು ಸೋತೇ ಬರ್ತಿದೀನಲ್ಲ" ಅಂದಳು. "ನಿನಗೆ ಗೊತ್ತಾಗ್ತಿರಲಿಲ್ವಾ?"

"ನೀನು ನಗ್ತಾ ಬರ್ತಿದ್ದೆ."

"ನಮ್ಮ ಬಿಲ್ಡಿಂಗ್ ಎರಡನೇ ಮಹಡಿ ಮೆಟ್ಟಿಲ ಹತ್ರ ನಿಂತ್ಕೊಂಡು ಮುಖ ಸರಿಮಾಡ್ಕೊಂಡು ಬರ್ತಿದ್ದೆ. ಒಂದೊಂದು ದಿನ ಐದು ನಿಮಿಷ, ಒಂದೊಂದು ದಿನ ಅರ್ಧ ಗಂಟೆ. ಮೇಷ್ಟ್ರು ಎಷ್ಟೋ ಸಲ ನೋಡಿದಾರೆ. ಪಾಪ, ಏನೂ ಕೇಳದೆ ಪಕ್ಕದಲ್ಲೇ ಹತ್ತಿ ಹೋಗೋರು."

"ಪ್ರತಿ ಸಲಾನಾ?"

"ಪ್ರತಿ ಸಲ."

ದಿನಾ ಸೂಕ್ಷ್ಮದರ್ಶಕಕ್ಕೆ ಕಣ್ಣಿಟ್ಟು, ಬೇರೆಯವರಿಗೆ ಕಾಣದ್ದನ್ನೆಲ್ಲ ಕಾಣುವವಳು ನಾನು. ಬಾಗಿಲು ತೆರೆದಾಗಲೆಲ್ಲ ನನ್ನೆದುರು ಒಂದು ಅಡಿ ದೂರದಲ್ಲಿ ನಿಂತಿದ್ದವಳನ್ನು ಆರು ವರ್ಷ ನೋಡಿರಲಿಲ್ಲ. ಆ ಹೊತ್ತಿಗೆ ಅವಳ ಬರವಣಿಗೆ ಗೆದ್ದಿತೋ ನನ್ನದು ಸೋತಿತೋ ಎಂದು ತಿಳಿದುಕೊಳ್ಳುವ ಆಸೆಯೂ ಹೋಗಿಬಿಟ್ಟಿತು. ಬೆಂಚಿನ ಮೇಲೆ ಅವಳ ಪಕ್ಕ ಕೂತು, ನಡುರಸ್ತೆಯಲ್ಲಿ, ಜನ ನೋಡುತ್ತಿದ್ದರೂ ಬಿಡದೆ ಅತ್ತೆ. ಅವಳು ಬ್ಯಾಗಿನಿಂದ ಕರ್ಚೀಫು ತೆಗೆದು ಕೊಟ್ಟಳು.

"ಇನ್ಮೇಲೆ ಮೆಟ್ಟಿಲ ಹತ್ರ ನಿಲ್ಲಬೇಡ" ಅಂದೆ.

"ಇವತ್ಯಾಕೆ ನಿಲ್ಲಲಿ? ಇವತ್ತು ಗೆದ್ದಿದೀನಲ್ಲ."

"ಇವತ್ತಲ್ಲ ಕಣೇ. ಸೋತ ದಿನ ನಿಲ್ಲಬೇಡ. ಹಾಗೇ ಬಾ."

ಸ್ವಲ್ಪ ಹೊತ್ತಾದ ಮೇಲೆ ಅವಳ ತಲೆ ನನ್ನ ಹೆಗಲಿಗೆ ತಾಗಿತು. ನಮ್ಮ ಬಸ್ಸು ಬಂತು, ನಿಂತಿತು. ಇಬ್ಬರೂ ಏಳಲಿಲ್ಲ, ಅದು ಹೊರಟುಹೋಯಿತು.